ಅರ್ಧ ಕಥೆಯ ಅಕ್ಕ

ನಮ್ಮಕ್ಕ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕೂರುತ್ತಾಳೆ. ನಾನು ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು, ಅಂಟು ಬಳಿದು, ರಟ್ಟು ಕಟ್ಟುತ್ತೇನೆ. ನಡುವಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಹಾಗಾಗಿ ಅಕ್ಕ ಮಕ್ಕಳಿಗೆ ಹೇಳುವ ಪ್ರತಿಯೊಂದು ಮಾತೂ ನನ್ನ ಕಿವಿಗೆ ಬೀಳುತ್ತದೆ. ಹುಟ್ಟಿದಾಗಿನಿಂದ ಕೇಳುತ್ತಲೇ ಇದ್ದೇನೆ, ಕೆಲಸದ ಜಾಗದಲ್ಲಾದರೂ ಬಿಡುಗಡೆ ಸಿಕ್ಕೀತು ಅಂದುಕೊಂಡಿದ್ದೆ. ನನ್ನ ಹಣೆಬರಹ.

ಮಕ್ಕಳು ಅವಳನ್ನು ಅರ್ಧಕ್ಕ ಎನ್ನುತ್ತಾರೆ. ಅವಳ ಕೈಯಿಂದ ಪುಸ್ತಕ ಪಡೆಯುವುದೆಂದರೆ ಹುಡುಗಾಟವಲ್ಲ. ಮಗು ಮೇಜಿನ ಮುಂದೆ ನಿಲ್ಲಬೇಕು. ಅಕ್ಕ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಮುಖ ಪರೀಕ್ಷೆ ಮಾಡುತ್ತಾಳೆ; ನಾಲಿಗೆ ಚಾಚು ಎನ್ನುವುದೊಂದು ಬಾಕಿ. "ಗೆಳತಿ ಜೊತೆ ಟೂ ಬಿಟ್ಟಿದೀಯಾ? ಗಣಿತದಲ್ಲಿ ಕಮ್ಮಿ ಬಂತಾ?" ಎಂದು ರೋಗ ಪತ್ತೆ ಹಚ್ಚಿ ಕಪಾಟಿನಿಂದ ಮದ್ದು ತೆಗೆಯುತ್ತಾಳೆ. ಆಮೇಲೆ ಕೈ, ಕಣ್ಣು, ಹುಬ್ಬು ಎಲ್ಲವನ್ನೂ ಕುಣಿಸಿ ಅರ್ಧ ಕಥೆ ಹೇಳಿ, ಬಾವಿಯ ಹಗ್ಗ ಇನ್ನೇನು ಹರಿಯಬೇಕು ಎನ್ನುವಾಗ ಪುಸ್ತಕ ಮುಚ್ಚುತ್ತಾಳೆ.

"ಮುಂದಿಂದು ನೀನೇ ಓದ್ಕೊ. ವಾಪಸ್ ಕೊಡುವಾಗ ಕೊನೇಲಿ ಏನಾಯ್ತು ಅಂತ ನಂಗೆ ಹೇಳ್ಬೇಕು. ಹೇಳಿದ್ರೇನೇ ಇನ್ನೊಂದು ಪುಸ್ತಕ."

ಶಾಲೆಯ ಮೇಷ್ಟ್ರುಗಳು ಇದನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಆಹಾ, ಎಂಥ ಉಪಾಯ! ಮಕ್ಕಳಲ್ಲಿ ಎಂಥ ಕುತೂಹಲ! ಅಕ್ಕ ನಾಚಿಕೊಂಡು ಕನ್ನಡಕ ಒರೆಸಿಕೊಂಡಳು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವಳಿಗೆ ಗೊತ್ತಿರುವುದೂ ಅರ್ಧ ಕಥೆಯೇ. ಮಕ್ಕಳ ಪುಸ್ತಕ ಬರೆಯುವವರಿಗೆ ನಾಯಿಗಳ ಮೇಲೆ ಅದೇನು ಹಗೆಯೋ, ಕೊನೆಯ ಪುಟ ಬಂತೆಂದರೆ ಒಂದನ್ನಾದರೂ ಕೊಲ್ಲದೆ ಬಿಡುವುದಿಲ್ಲ. ನಾಯಿ ಸಿಗದಿದ್ದರೆ ಕುದುರೆ, ಕುದುರೆಯೂ ಇಲ್ಲದಿದ್ದರೆ ಅಮ್ಮ. ಚಿಕ್ಕವಳಿದ್ದಾಗ ಅಕ್ಕ ಇಂಥದ್ದೊಂದನ್ನು ಓದಿ ವಾರಗಟ್ಟಲೆ ಅತ್ತು, ಮನೆಮಂದಿಯ ನಿದ್ದೆ ಕೆಡಿಸಿ, ಅಲ್ಲಿಂದಾಚೆಗೆ ಯಾವ ಪುಸ್ತಕವನ್ನೂ ಮುಗಿಸದ ವ್ರತ ಹಿಡಿದಳು. ಮಕ್ಕಳನ್ನು ಓದಿಸುವ ಕೆಲಸಕ್ಕೆ ಇಂಥವಳನ್ನು ಕೂರಿಸಿದ ಪುಣ್ಯಾತ್ಮರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಹೀಗಾಗಿ ಕೊನೆಗಳೆಲ್ಲ ಅವಳಿಗೆ ಮಕ್ಕಳ ಬಾಯಿಂದಲೇ ಬರಬೇಕಿತ್ತು. ಒಂದು ಮಗು ಹೇಳಿದ್ದನ್ನು ನಂಬಿ ಮುಂದಿನ ಮಗುವಿಗೆ ಶಿಫಾರಸು. "ಧೈರ್ಯವಾಗಿ ತಗೊಂಡು ಹೋಗು, ಎಲ್ಲ ಸರಿಹೋಗತ್ತೆ." ಅವಳ ಕಪಾಟುಗಳಲ್ಲಿ ಯಾವ ಪುಸ್ತಕ ತೆಗೆದರೂ ಎಲ್ಲವೂ ಸರಿಹೋಗುತ್ತಿತ್ತು. ಸಾವೇ ಇಲ್ಲದ ಊರು ಇದೊಂದೇ ನೋಡು ಎಂದು ನಾನು ಆಡಿಕೊಳ್ಳುತ್ತಿದ್ದೆ.

ಒಂದು ಸಂಜೆ ಗಡಿಯಾರದ ಅಂಗಡಿಯವನು ಮೂರನೇ ತರಗತಿಯ ಮಗಳನ್ನು ಕರೆದುಕೊಂಡು ಬಂದ. ಹುಡುಗಿ ಕಪಾಟಿನ ಮುಂದೆ ನಿಂತಳು, ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ಅಪ್ಪ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದ.

"ನಮ್ಮಮ್ಮ ತೀರ್ಕೊಂಡ್ರು ಮೇಡಂ. ಇವಳು ಅಜ್ಜಿ ಪಕ್ಕಾನೇ ಮಲಗ್ತಿದ್ದೋಳು. ಇವಳಿಗೆ ಹೇಳಿಲ್ಲ. ಆಸ್ಪತ್ರೆಯಿಂದ ಹಾಗೇ ಇವಳ ಅತ್ತೆ ಮನೆಗೆ ಹೋಗಿದಾರೆ, ಹುಷಾರಾದ್ಮೇಲೆ ಬರ್ತಾರೆ ಅಂದಿದೀವಿ. ಮಾತೇ ಬಿಟ್ಟಿದಾಳೆ. ಏನಾದ್ರೂ ನಗಿಸೋ ಪುಸ್ತಕ ಕೊಡಿ."

ಅಕ್ಕನ ಕರುಳು ಚುರುಕ್ಕೆಂದಿತು. ಅವಳ ಕರುಳಿಗೆ ಇಷ್ಟೆಲ್ಲ ಬೇಕೇ ಇಲ್ಲ, ಬಸ್ಸು ತಪ್ಪಿದವರನ್ನು ಕಂಡರೂ ಚುರುಕ್ಕೆನ್ನುತ್ತದೆ. ಮುದಿ ಕುಂಟ ನಾಯಿಯೊಂದು ಸಂತೆಯಲ್ಲಿ ಕಳೆದುಹೋಗುವ ಪುಸ್ತಕವನ್ನು ತೆಗೆದಳು. ಅರ್ಧ ಕಥೆ ಹೇಳಿದಳು. ಮಗುವಿನ ಮುಖ ನೋಡಿ ತಡೆಯಲಾರದೆ ತನ್ನ ನಿಯಮವನ್ನು ತಾನೇ ಮುರಿದಳು.

"ಕೊನೇಲಿ ಬಾಲ ಅಲ್ಲಾಡಿಸ್ಕೊಂಡು ವಾಪಸ್ ಬರತ್ತೆ ಪುಟ್ಟಿ. ಓದಿದೋರೆಲ್ಲ ಹೇಳಿದಾರೆ."

ಮಾರನೆಯ ದಿನ ಬಾಗಿಲು ತೆಗೆಯುವಷ್ಟರಲ್ಲಿ ಗಡಿಯಾರದವನು ಹಾಜರ್. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ.

"ಏನ್ರೀ ಇದು? ನಗಿಸೋ ಪುಸ್ತಕ ಕೇಳಿದ್ರೆ ಸಾವಿನ ಪುಸ್ತಕ ಕೊಟ್ಟಿದೀರಲ್ಲ! ಆ ನಾಯಿ ಸಾಯತ್ತೆ, ಎಲ್ರೂ ಸೇರಿ ಗುಂಡಿ ತೋಡ್ತಾರೆ, ಥೂ! ನನ್ನ ಮಗಳು ಅತ್ತೂ ಅತ್ತೂ ಜ್ವರ ಬರಿಸ್ಕೊಂಡಿದಾಳೆ."

"ಇಲ್ಲ ಸಾರ್, ನಾಯಿ ವಾಪಸ್ ಬರತ್ತೆ."

"ನೀವು ಓದಿದೀರೇನ್ರೀ?"

ಅಕ್ಕ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಮಗಳು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಹೇಳಿ ಅವನು ಹೋದ. ಅಕ್ಕ ನಿಂತಲ್ಲೇ ಕೊನೆಯ ಪುಟಗಳನ್ನು ತೆರೆದು ಓದಿದಳು. ಊರೆಲ್ಲ ನೆನೆಯುವ ಹಾಗೆ ಅಳುತ್ತಾಳೆಂದು ನೆಲ ಒರೆಸುವ ಬಟ್ಟೆ ಹಿಡಿದುಕೊಂಡೇ ನಾನು ಕಾದಿದ್ದೆ. ಅಳಲಿಲ್ಲ. ನನಗೆ ಅದೇ ಹೆದರಿಕೆಯಾಯಿತು.

ಸಂಜೆ ಅವಳ ಹಳೆಯ ಗಿರಾಕಿ, ಜಿರಾಫೆ ಎಂದು ಕರೆಸಿಕೊಳ್ಳುವ ಹೈಸ್ಕೂಲು ಹುಡುಗಿ, ಸಿಕ್ಕಿಬಿದ್ದಳು. ನಾಯಿ ವಾಪಸ್ ಬರತ್ತೆ ಅಂತ ಯಾಕೆ ಸುಳ್ಳು ಹೇಳಿದ್ರಿ ಎಂದು ಅಕ್ಕ ಗದರಿಸಿ ಕೇಳಿದ್ದಕ್ಕೆ ಬಾಯಿಬಿಟ್ಟಳು.

"ಹಿಂದೆ ಯಾರೋ ನಿಜ ಹೇಳಿದ್ರಂತೆ ಅಕ್ಕ. ನೀವು ಅತ್ಕೊಂಡು ಬೀಗ ಹಾಕಿ ಮನೆಗೆ ಹೋಗ್ಬಿಟ್ರಂತೆ, ಅವತ್ತು ಯಾರಿಗೂ ಪುಸ್ತಕ ಸಿಗ್ಲಿಲ್ವಂತೆ. ಅದಕ್ಕೇ ಹೊಸಬರು ಬಂದ್ರೆ ಮೊದ್ಲೇ ಹೇಳ್ಕೊಡ್ತೀವಿ. ಏನೇ ಸತ್ರೂ ಬದುಕಿದೆ ಅಂತ್ಲೇ ಹೇಳು ಅಂತ."

"ಯಾವ್ಯಾವ ಪುಸ್ತಕಕ್ಕೆ ಹಾಗೆ ಹೇಳಿದೀರಿ?"

ಜಿರಾಫೆ ಕಪಾಟುಗಳ ಉದ್ದಕ್ಕೂ ಕಣ್ಣಾಡಿಸಿದಳು. "ಯಾವ್ದಕ್ಕೆ ಹೇಳಿಲ್ಲ ಅಂತ ಕೇಳಿ."

ಅಂದರೆ ಇಷ್ಟು ವರ್ಷ ಊರಿನ ಮಕ್ಕಳೆಲ್ಲ ಸಾಲಾಗಿ ನಿಂತು ನಮ್ಮಕ್ಕನ ಕಿವಿಗೆ ಹೂವಿಟ್ಟಿದ್ದರು! ನಾನು ಅಂಟಿನ ಡಬ್ಬಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ.

"ಆ ಮಗು ಇನ್ನು ಯಾವ ಪುಸ್ತಕಾನೂ ಮುಟ್ಟಲ್ಲ ಕಣೇ. ಯಾರ ಮಾತನ್ನೂ ನಂಬಲ್ಲ. ಅಂಥಾ ಹೊತ್ತಲ್ಲಿ ನನ್ನ ಹತ್ರ ಬಂದಿತ್ತು, ನಾನೇ ಕೆಡಿಸ್ದೆ."

ಗಡಿಯಾರದ ಅಂಗಡಿಗೆ ಹೋಗಿ ಕ್ಷಮೆಯನ್ನೂ ಕೇಳಿ ಬಂದಳು. ಅವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯದೆ "ಆಯ್ತು, ಹೋಗಿ ಬನ್ನಿ" ಎಂದನಂತೆ. ತಾನು ಮನೆಯಲ್ಲಿ ಕಟ್ಟಿದ ಕಥೆ ಮಾತ್ರ ಸತ್ಯಕ್ಕೆ ಸಮ, ನಮ್ಮಕ್ಕ ಹೇಳಿದ್ದು ಮಹಾಪರಾಧ! ನನಗೆ ಮೈಯೆಲ್ಲ ಉರಿಯಿತು.

ಕೆಲವು ದಿನಗಳಾದ ಮೇಲೆ ಹುಡುಗಿ ಶಾಲೆ ಬಿಟ್ಟು ಬರುವಾಗ ಒಬ್ಬಳೇ ಒಳಗೆ ಬಂದಳು. ಅಕ್ಕ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ತಪ್ಪಾಯ್ತು ಪುಟ್ಟಿ, ನಂಗೆ ಗೊತ್ತಿರ್ಲಿಲ್ಲ. ತಾಳು, ಕೋತಿದೊಂದು ಇದೆ, ತುಂಬಾ ನಗು ಬರತ್ತೆ."

"ಬೇಡ. ಆ ನಾಯಿದೇ ಕೊಡಿ. ಅಪ್ಪ ಕಿತ್ಕೊಂಡ್ರು. ಇನ್ನೊಂದ್ಸಲ ಓದ್ಬೇಕು."

"ಮತ್ತೆ ಅಳು ಬರತ್ತಲ್ಲಮ್ಮ?"

"ಬರ್ಲಿ. ಅದರಲ್ಲಿ ನಾಯಿ ಸಾಕಿದ ಹುಡುಗನಿಗೆ ಎಲ್ಲಾ ಹೇಳ್ತಾರೆ. ಗುಂಡಿ ತೋಡುವಾಗ ಅವನನ್ನೂ ಕರೀತಾರೆ." ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಕ್ಕ, ನಮ್ಮಜ್ಜಿ ಅತ್ತೆ ಮನೇಲಿ ಇಲ್ಲ ಅಲ್ವಾ?"

ಅರ್ಧಕ್ಕೆ ನಿಲ್ಲಿಸುವುದರಲ್ಲಿ ನಮ್ಮಕ್ಕನನ್ನು ಮೀರಿಸಿದವರಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಹೇಳಿ, ಅಪ್ಪನನ್ನೇ ಕೇಳು ಎಂದಿದ್ದರೆ ಮುಗಿಯುತ್ತಿತ್ತು. ಹಾಗೇ ಹೇಳು ಮಾರಾಯ್ತಿ, ಆ ಮನುಷ್ಯ ಮತ್ತೆ ಬಂದು ಕೂಗಾಡಿಯಾನು ಎಂದು ನಾನು ಬಾಗಿಲ ಸಂದಿಯಿಂದ ಕೈಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮೇಜು ಸುತ್ತಿ ಬಂದು, ಮಕ್ಕಳ ಗಿಡ್ಡ ಮಣೆಯ ಮೇಲೆ ಕೂತು, ಹುಡುಗಿಯ ಎರಡೂ ಕೈ ಹಿಡಿದುಕೊಂಡಳು.

"ಇಲ್ಲ ಪುಟ್ಟಿ. ಅಜ್ಜಿ ತೀರ್ಕೊಂಡ್ರು. ವಾಪಸ್ ಬರಲ್ಲ."

ಹುಡುಗಿ ತಲೆಯಾಡಿಸಿದಳು.

"ನಂಗೊತ್ತಿತ್ತು," ಎಂದಳು. "ಅಪ್ಪ ಅಳ್ತಾರೆ ಅಂತ, ಗೊತ್ತಿಲ್ಲದೋಳ ಹಾಗೆ ಇದ್ದೆ."

ಆಮೇಲೆ ಅಕ್ಕನ ಹೆಗಲಿಗೆ ಮುಖ ಒತ್ತಿ ಅಳತೊಡಗಿದಳು.