ಇಸ್ತ್ರಿ ಅಂಗಡಿಗೆ ಬಿಟ್ಟ ಮಗು

ನಮ್ಮ ಬೀದಿಯ ಇಸ್ತ್ರಿ ದೊಡ್ಡಮ್ಮನ ಕತೆಯನ್ನು ಅವಳು ಗಟ್ಟಿಮುಟ್ಟಾಗಿರುವಾಗಲೇ ಬರೆದುಬಿಡಬೇಕು. ಒಂದು ಮಾತು ಹೆಚ್ಚುಕಮ್ಮಿಯಾದರೂ ಕೆಂಡ ತುಂಬಿದ ಪೆಟ್ಟಿಗೆ ಹಿಡಿದುಕೊಂಡೇ ರಸ್ತೆ ದಾಟಿ ನನ್ನ ಸೈಕಲ್ ರಿಪೇರಿ ಅಂಗಡಿಗೆ ಬಂದು ತಿದ್ದಿಸುತ್ತಾಳೆ.

ಅವಳ ಅಂಗಡಿ ಎಂದರೆ ಒಂದು ಮೇಜು, ಗೋಡೆಯುದ್ದಕ್ಕೂ ಹಲಗೆಗಳು, ಹಿಂದೆ ಮಲಗಲು ಒಂದು ಕೋಣೆ. ಗಂಡ ಮದುವೆಯಾದ ಹೊಸತರಲ್ಲೇ ತೀರಿಕೊಂಡ. ಪೆಟ್ಟಿಗೆಯನ್ನೂ ನಾಲಿಗೆಯನ್ನೂ ಅವಳು ಅಂದಿನಿಂದ ಆರಲು ಬಿಟ್ಟಿಲ್ಲ. "ಸುಕ್ಕು ಬಟ್ಟೇಲಿದ್ರೆ ನಾನು ತೆಗೀತೀನಿ, ಬುದ್ಧೀಲಿದ್ರೆ ನೀನೇ ನೋಡ್ಕೋ" ಎಂದು ಗಿರಾಕಿಗಳ ಮುಖಕ್ಕೆ ಹೇಳಿ ಕಳಿಸುವವಳು. ಬಾಗಿಲ ಮೇಲೆ ಒಂದು ಬೋರ್ಡು: 'ವರ್ಷದೊಳಗೆ ಒಯ್ಯದ ಬಟ್ಟೆ ಅಂಗಡಿಗೆ ಸೇರಿದ್ದು.' ಆ ಕಾನೂನಿನ ಪ್ರಕಾರ ಒಬ್ಬ ವಕೀಲರ ಕಪ್ಪು ಕೋಟು ಅವಳದಾಯಿತು. ವಕೀಲರು ಬಂದು ಗಂಟಲು ಹರಿಯುವಂತೆ ವಾದಿಸಿದರು, ಸೋತರು. ಚಳಿಗೆ ಅದನ್ನೇ ಹಾಕಿಕೊಂಡು ನಿಲ್ಲುತ್ತಾಳೆ.

ಒಂದು ಬೆಳಿಗ್ಗೆ, ಹಿಂದಿನ ಬೀದಿಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಗಂಡ ಹೆಂಡತಿ ಬಂದರು. ಮೇಜಿನ ಮೇಲೆ ಒಂದು ಬಟ್ಟೆ ಗಂಟು ಇಟ್ಟರು, ಪಕ್ಕದಲ್ಲಿ ಆಗತಾನೆ ಮಾತು ಕಲಿಯುತ್ತಿದ್ದ ಹೆಣ್ಣು ಮಗುವನ್ನು ಕೂರಿಸಿದರು.

"ಸ್ವಲ್ಪ ಕೆಲ್ಸ ಇದೆ ದೊಡ್ಡಮ್ಮ, ಸಂಜೆ ಬಂದು ತಗೊಂಡು ಹೋಗ್ತೀವಿ."

"ಬಟ್ಟೆನೋ, ಮಗುನೋ?"

"ಎರಡೂನೂ" ಎಂದು ಆತ ನಕ್ಕ. ಇವಳೂ ನಕ್ಕಳು.

ಸಂಜೆಯಾಯಿತು, ಅವರು ಬರಲಿಲ್ಲ. ಮಹಡಿ ಕೋಣೆಗೆ ಹೋಗಿ ನೋಡಿದರೆ ಬೀಗ. ದೊಡ್ಡಮ್ಮ ಪೊಲೀಸ್ ಠಾಣೆಗೆ ಹೋಗಿ ಹೇಳಿದಳು, ಬಸ್ ನಿಲ್ದಾಣದಲ್ಲಿ ವಿಚಾರಿಸಿದಳು, ಉಹೂಂ. ಬಟ್ಟೆಗೆ ಇಸ್ತ್ರಿ ಮಾಡಿ ಮೇಲಿನ ಹಲಗೆಯಲ್ಲಿಟ್ಟಳು, ಮಗುವನ್ನು ಕೆಳಗಿನ ಹಲಗೆಯಲ್ಲಿ ಮಲಗಿಸಿದಳು. ವರ್ಷ ಕಳೆದ ಮೇಲೆ, ಮಗುವನ್ನು ಅನಾಥಾಶ್ರಮಕ್ಕೆ ಕೊಡಬಾರದೇ ಎಂದು ಬುದ್ಧಿ ಹೇಳಲು ಹೋದವರಿಗೆ, "ಬೋರ್ಡು ಓದಕ್ಕೆ ಬರುತ್ತಲ್ಲ ನಿಮಗೆ?" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅಂಗಿಯ ಗುಂಡಿ ಕಂಡಲ್ಲೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ ಆ ಮಗುವಿಗೆ ಗುಂಡಿ ಎಂದೇ ಹೆಸರು ಬಿತ್ತು. ಬೆಳೆದ ಮೇಲೆ ಮೂರು ಜನ ಹುಡುಗರನ್ನು ಕಟ್ಟಿಕೊಂಡು, ಟೈರ್ ಗೋಡೌನಿನ ಹಿಂದೆ ಗಿಟಾರು, ಡ್ರಮ್ಮು ಬಡಿಯತೊಡಗಿದಳು. ಅದಕ್ಕೆ ರಾಕ್ ಅನ್ನುತ್ತಾರೆ. ನಾನು ಸಂಗೀತ ಶಾಲೆಯ ಮೆಟ್ಟಿಲು ಹತ್ತದಿರಬಹುದು, ಕಿವಿಯಂತೂ ಇದೆ: ಮೊದಲು ಸಿಟ್ಟಿನಿಂದ ಕಿರುಚುವುದು, ಆಮೇಲೆ ಮೈಕಿಗೆ ಹಣೆ ಆನಿಸಿ ಅಳುವುದು. ಅವಳು ಕಟ್ಟಿದ ಹಾಡು ಹೀಗಿತ್ತು:

ಸಂಜೆ ಬರ್ತೀವಿ ಅಂದಿರಿ, ಎಷ್ಟು ಸಂಜೆ ಆದವು
ಬಾಗಿಲಲ್ಲಿ ಯಾರೂ ಇರಲಿಲ್ಲ, ಯಾರೂ ಇರಲಿಲ್ಲ

ಆ ಹಾಡು ಹುಚ್ಚೆಬ್ಬಿಸಿತು. ಅಮ್ಮ ತಟ್ಟೆಗೆ ಬಡಿಸಿದ್ದನ್ನು ತಿನ್ನುತ್ತಲೇ 'ನನಗೂ ಯಾರೂ ಇರಲಿಲ್ಲ' ಎಂದು ಬಿಕ್ಕುವ ಹುಡುಗ ಹುಡುಗಿಯರ ಹಿಂಡೇ ಹುಟ್ಟಿಕೊಂಡಿತು. ಉರಿದದ್ದು ಮಾತ್ರ ದೊಡ್ಡಮ್ಮನ ಹೊಟ್ಟೆ.

"ಯಾರೂ ಇರಲಿಲ್ವಾ? ಮೂಗು ಒರೆಸಿದ್ದು ಯಾರೇ, ಮುಟ್ಠಾಳಿ? ಬಾಗಿಲಲ್ಲಿ ಕಂಬ ನಿಂತಂಗೆ ನಾನು ನಿಂತಿರ್ಲಿಲ್ವಾ?"

"ಅಯ್ಯೋ ದೊಡ್ಡಮ್ಮ, ಅದು ದುಃಖದ ಹಾಡು. ನಿನ್ನ ಅದ್ರೊಳಗೆ ಹಾಕಿದ್ರೆ ಎಲ್ರೂ ನಗ್ತಾರೆ."

"ಓಡಿಹೋದವರಿಗೆ ಹಾಡಿಡೀ ಜಾಗ. ನಂಗೆ ಒಂದು ಸಾಲೂ ಇಲ್ಲ!"

ಹೀಗಿರುವಾಗ ಹಾಡು ಕೇಳಿ ಕರುಳು ಕಿತ್ತು ಬಂದು, ಹೆತ್ತವರು ಪ್ರತ್ಯಕ್ಷರಾದರು. ಬೇರೆ ಬೇರೆ ಊರುಗಳಲ್ಲಿದ್ದವರು ಹೇಗೋ ಒಬ್ಬರನ್ನೊಬ್ಬರು ಹುಡುಕಿಕೊಂಡು, ಗುಂಡಿಯ ದೊಡ್ಡ ಕಾರ್ಯಕ್ರಮ ನಡೆಸುತ್ತಿದ್ದವರಿಗೆ ಫೋನ್ ಮಾಡಿದರು: ಹಾಡಿನಲ್ಲಿರುವುದು ನಾವೇ! ನಡೆಸುವವರಿಗೆ ಇನ್ನೇನು ಬೇಕು? ಹಾಡು ಮುಗಿದೊಡನೆ ಅಪ್ಪ ಅಮ್ಮ ವೇದಿಕೆ ಹತ್ತುವುದು, ಮೂವರೂ ತಬ್ಬಿಕೊಂಡು ಅಳುವುದು, ಅಮ್ಮ 'ಬಾ ಮಗಳೇ ಮನೆಗೆ' ಎನ್ನುವುದು ಎಂದೆಲ್ಲ ತಯಾರಾಯಿತು.

"ನೀನು ಹ್ಞೂಂ ಅಂದ್ಯಾ?" ದೊಡ್ಡಮ್ಮನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮುಖ ನೋಡ್ಬೇಕು ದೊಡ್ಡಮ್ಮ, ಅಷ್ಟೇ."

"ಕರೆದ್ರೆ ಹೋಗ್ತೀಯಾ?"

ಗುಂಡಿ ಗಿಟಾರು ಎತ್ತಿಕೊಂಡು ಹೊರಟುಹೋದಳು. ದೊಡ್ಡಮ್ಮ ಒಂದೇ ಅಂಗಿಯನ್ನು ಮತ್ತೆ ಮತ್ತೆ ಉಜ್ಜುತ್ತ ನಿಂತಳು, ಅದು ಸುಟ್ಟಿತು. ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದನ್ನು ಈ ಬೀದಿ ಅದುವರೆಗೆ ಕಂಡಿರಲಿಲ್ಲ.

ಕಾರ್ಯಕ್ರಮದ ದಿನ ಗುಂಡಿ ಬೆಳಿಗ್ಗೆಯೇ ತಾಲೀಮಿಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ಇತ್ತ ಹೆತ್ತವರು ಅಂಗಡಿಗೆ ಬಂದರು. ಬರಿಗೈಯಲ್ಲಲ್ಲ, ಬಟ್ಟೆ ಗಂಟಿನೊಂದಿಗೆ! ಅವನ ಕೋಟು, ಪ್ಯಾಂಟು, ಅವಳ ನೀಲಿ ರೇಷ್ಮೆ ಗೌನು.

"ಗುರುತು ಸಿಕ್ತಾ ದೊಡ್ಡಮ್ಮ?" ಎಂದು ಆತ ಹಲ್ಲು ಕಿರಿದ. "ಬಸ್ಸಲ್ಲಿ ಎಲ್ಲ ಮುದುರಿಹೋಯ್ತು. ಸಂಜೆ ವೇದಿಕೆ ಹತ್ಬೇಕು ನೋಡಿ."

"ಸಿಕ್ತಪ್ಪ. ಮುಖ ಮರೆತಿತ್ತು, ಕಾಲರಿನ ಕೊಳೆ ನೋಡಿ ನೆನಪಾಯ್ತು. ಅಲ್ಲಾ, ಅವತ್ತು ಸಂಜೆ ಏನಾಯ್ತು?"

"ದಾರೀಲಿ ಇವಳು ಜಗಳ ತೆಗೆದ್ಲು, ನಾನು ಸಿಕ್ಕಿದ ಬಸ್ಸು ಹತ್ತಿದೆ. ಮಗೂನ ಇವಳು ಕರ್ಕೊಂಡು ಹೋಗಿರ್ತಾಳೆ ಅಂದ್ಕೊಂಡೆ."

"ನಾನೂ ಇನ್ನೊಂದು ಬಸ್ಸು ಹತ್ತಿದೆ, ಇವ್ರು ಕರ್ಕೊಂಡು ಹೋಗಿರ್ತಾರೆ ಅಂತ" ಎಂದಳು ಹೆಂಡತಿ.

"ಆಮೇಲೆ ಒಂದ್ಸಲ ಬಂದು ಕೇಳೋಣ ಅನ್ನಿಸ್ಲಿಲ್ವಾ?"

"ಇವ್ರ ವಿಳಾಸ ನನ್ನತ್ರ ಎಲ್ಲಿತ್ತು?"

"ಈ ಅಂಗಡಿ ವಿಳಾಸ ಇತ್ತಲ್ಲಮ್ಮ?"

ಆಕೆ ಗೌನಿನ ಕಡೆ ನೋಡಿದಳು. "ಮಡಿಕೆ ಸ್ವಲ್ಪ ಚೂಪಾಗಿ ಬರ್ಲಿ" ಎಂದಳು.

"ಬರುತ್ತೆ. ಸಂಜೆ ಬನ್ನಿ" ಎಂದಳು ದೊಡ್ಡಮ್ಮ.

ಆ ಬಟ್ಟೆಗಳಿಗೆ ಅವಳು ಮಾಡಿದ ಇಸ್ತ್ರಿಯಲ್ಲಿ ಒಂದು ಗೆರೆಯೂ ಸೊಟ್ಟಗಿರಲಿಲ್ಲ. ನೇತುಹಾಕಿ, ವಕೀಲರ ಕೋಟು ತೊಟ್ಟು, ಬಾಗಿಲಿಗೆ ಬೀಗ ಜಡಿದು, "ನಡಿಯಪ್ಪ, ಹಾಡು ಕೇಳೋಣ" ಎಂದು ನನ್ನನ್ನೂ ಎಳೆದುಕೊಂಡು ಹೊರಟಳು.

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಪಕ್ಕದಲ್ಲಿ ಮಾತ್ರ ಹೂವಿಟ್ಟ ಎರಡು ಕುರ್ಚಿ ಖಾಲಿ. ಗುಂಡಿ ಹಾಡುತ್ತ ಹಾಡುತ್ತ ಅತ್ತಲೇ ನೋಡುತ್ತಿದ್ದಳು. ಕಿರುಚುವ ಭಾಗ ಮುಗಿದು ಅಳುವ ಭಾಗ ಬಂತು. ವಾದ್ಯಗಳೆಲ್ಲ ನಿಂತವು. ಅವಳು ಹಣೆಯನ್ನು ಮೈಕಿಗೆ ಆನಿಸಿ, ಸಣ್ಣ ದನಿಯಲ್ಲಿ, "ಬಾಗಿಲಲ್ಲಿ ಯಾರೂ ಇರಲಿಲ್ಲ..." ಎಂದಳು.

"ನಾನಿದ್ದೆ ಕಣೇ!"

ಪಕ್ಕದಲ್ಲಿದ್ದ ನನ್ನ ಕಿವಿ ಗುಂಯ್ ಎಂದಿತು. ಕಪ್ಪು ಕೋಟಿನ ಮುದುಕಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಜನ ಮೊದಲು ಬೆಚ್ಚಿದರು, ಆಮೇಲೆ ಗೊಳ್ಳೆಂದರು. ಗುಂಡಿ ತಲೆಯೆತ್ತಿ ನೋಡಿದಳು. ತುಟಿ ಕಚ್ಚಿ ಹಿಡಿದುಕೊಳ್ಳಲು ನೋಡಿದಳು, ಆಗಲಿಲ್ಲ. ಮೈಕಿನ ಮುಂದೆಯೇ ನಕ್ಕುಬಿಟ್ಟಳು. ದುಃಖದ ಹಾಡು ಅಲ್ಲಿಗೆ ಎಕ್ಕುಟ್ಟಿಹೋಯಿತು.

ನಾವು ಮೂವರೂ ಮರಳಿ ಬಂದಾಗ ಅಂಗಡಿಯ ಮೆಟ್ಟಿಲ ಮೇಲೆ, ಬಸ್ಸಿನಲ್ಲಿ ಬಂದ ಬಟ್ಟೆಯಲ್ಲೇ, ಗಂಡ ಹೆಂಡತಿ ಕಚ್ಚಾಡುತ್ತ ಕೂತಿದ್ದರು.

"ಇಲ್ಲಿ ಬಿಡೋಣ ಅಂದಿದ್ದು ನೀನು!"

"ತಂದು ಬಿಟ್ಟಿದ್ದು ನೀವು! ಹಾಗೇ ಹೋಗೋಣ ಅಂದ್ರೆ, ಕೋಟಿಲ್ದೆ ಬರಲ್ಲ ಅಂದ್ರಿ!"

ಬೀದಿದೀಪದ ಕೆಳಗೆ ನಿಂತು ಗುಂಡಿ ಆ ಎರಡು ಮುಖಗಳನ್ನು ಕಣ್ತುಂಬ ನೋಡಿದಳು. ಕಾದಿದ್ದು ಮಗಳಿಗಾಗಿ ಅಲ್ಲ, ಕೋಟಿಗಾಗಿ ಎಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಏನ್ ದೊಡ್ಡಮ್ಮ ಇದು, ಸಂಜೆಯಿಂದ ಕಾಯ್ತಿದೀವಿ, ಬಾಗಿಲಲ್ಲಿ ಯಾರೂ ಇಲ್ಲ!" ಎಂದು ಆತ ಎಗರಿದ.

"ಮರೆತೇಹೋಯ್ತಪ್ಪ" ಎಂದು ದೊಡ್ಡಮ್ಮ ಸೊಂಟದಿಂದ ಬೀಗದ ಕೈ ತೆಗೆದಳು. "ಮನುಷ್ಯರಿಗೆ ಮರೆವು ಬರಲ್ವಾ?"

ಆಗ ಹೆಂಡತಿಗೆ ಮಗಳು ಕಣ್ಣಿಗೆ ಬಿದ್ದಳು. ಕೈ ಚಾಚಿ, "ಬಾ ಮಗಳೇ ಮನೆಗೆ" ಎಂದು, ಕಲಿತುಕೊಂಡು ಬಂದ ಮಾತನ್ನು ಒಪ್ಪಿಸಿದಳು. ದೊಡ್ಡಮ್ಮನ ಕೈ ಬೀಗದ ಮೇಲೆಯೇ ನಿಂತಿತು.

ಗುಂಡಿ ಅವಳಿಂದ ಬೀಗದ ಕೈ ತೆಗೆದುಕೊಂಡು ಬಾಗಿಲು ತೆರೆದಳು, ಒಳಗೆ ಹೋಗಿ ಕೋಟು, ಪ್ಯಾಂಟು, ಗೌನು ತಂದು ಅವರ ಕೈಗಿಟ್ಟಳು. "ಇವು ಇವತ್ತಿನವು, ತಗೊಂಡು ಹೋಗಿ" ಎಂದಳು. ಆಮೇಲೆ ಬೆರಳೆತ್ತಿ ಬಾಗಿಲ ಮೇಲಿನ ಬೋರ್ಡು ತೋರಿಸಿದಳು.

ಈಗ ಎಲ್ಲಿ ಆ ಹಾಡು ಹಾಡಿದರೂ ಆ ಸಾಲಿಗೆ ಬಂದಾಗ ಸಭೆಗೆ ಸಭೆಯೇ "ನಾನಿದ್ದೆ ಕಣೇ!" ಎಂದು ಕೂಗುತ್ತದೆ. ಒಳ್ಳೇ ಹಾಡನ್ನು ನೀನು ಹಾಳುಮಾಡಿಬಿಟ್ಟೆ ಎಂದು ಗುಂಡಿ ದೊಡ್ಡಮ್ಮನ ಮೇಲೆ ಮುಖ ಊದಿಸುತ್ತಾಳೆ. ದೊಡ್ಡಮ್ಮನಿಗೂ ಸಮಾಧಾನವಿಲ್ಲ. ಅಷ್ಟು ಜನ ಕೂಗಿದರೂ, ತನ್ನಷ್ಟು ಜೋರಾಗಿ ಒಬ್ಬರಿಗೂ ಬರುವುದಿಲ್ಲವಂತೆ.