ಅಪ್ಪ ಹೆಣೆದ ಸೀಸದ ಚೀಲ

ನೇತ್ರಾಣಿ ದ್ವೀಪದ ಸುತ್ತ ಪ್ರವಾಸಿಗರನ್ನು ನೀರಿನಡಿಗೆ ಇಳಿಸಿ ಮೀನು ತೋರಿಸುವುದು ನನ್ನ ಕೆಲಸ. ಭಟ್ಕಳದ ಕಡಲಂಚಿನಲ್ಲಿ ತಲೆತಲಾಂತರದಿಂದ ಮೀನು ಹಿಡಿದು ಬದುಕಿದ ಮನೆಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ನಗೆಪಾಟಲಿನ ಉದ್ಯೋಗ ಇನ್ನೊಂದಿಲ್ಲ ಎನ್ನುವುದು ಅಪ್ಪನ ಅಭಿಪ್ರಾಯವಾಗಿತ್ತು. "ಹಿಡೀದೆ ಬಿಡೂ ಮೀನು ನೋಡೂಕೆ ಸಮುದ್ರದ ಅಡಿಗೆ ಹೋಗೂದಾ? ಮಾರ್ಕೆಟಿಗೆ ಹೋದ್ರೆ ಪುಕ್ಕಟೆ ಕಾಣ್ತದಲ್ಲ ಮಾರಾಯ" ಎಂದು ಬಂದವರೆದುರೆಲ್ಲ ಹೇಳಿ ನಗುತ್ತಿದ್ದ. ನನಗೂ ಸಿಟ್ಟು ಮೂಗಿನ ತುದಿಯಲ್ಲಿ. ಎದ್ದು ಹೊರಗೆ ಹೋಗುತ್ತಿದ್ದೆ. ಹೀಗೆ ನಮ್ಮಿಬ್ಬರ ನಡುವೆ ಮಾತು ಊಟಕ್ಕೆ ಕರೆಯುವಷ್ಟಕ್ಕೇ ನಿಂತಿತ್ತು.

ಒಂದು ಸಂಜೆ ಬಾವಿಕಟ್ಟೆಯಲ್ಲಿ ನಾನು ಮೀಯುವಾಗ ಅಪ್ಪ ನನ್ನ ಸೊಂಟ ನೋಡಿದ. ಎರಡೂ ಕಡೆ ಮೂಳೆಯ ಮೇಲೆ ಚರ್ಮ ನೀಲಿಗಟ್ಟಿತ್ತು. "ಇದೆಂತದಾ? ಯಾರು ಹೊಡ್ದದ್ದು?" ಎಂದ. ಯಾರೂ ಹೊಡೆದಿಲ್ಲ, ಬೆಲ್ಟಿನ ಸೀಸ ಒತ್ತಿದ್ದು ಎಂದೆ. ನಾವು ಹಾಕುವ ರಬ್ಬರ್ ಅಂಗಿ ಮನುಷ್ಯನನ್ನು ಬೆಂಡಿನ ಹಾಗೆ ತೇಲಿಸುತ್ತದೆ, ಮುಳುಗಬೇಕಾದರೆ ಸೊಂಟಕ್ಕೆ ಸೀಸದ ಗಟ್ಟಿ ಕಟ್ಟಿಕೊಳ್ಳಲೇಬೇಕು ಎಂದು ಹೇಳಿದೆ. ಗಟ್ಟಿಯ ಬದಲು ಸಣ್ಣ ಸೀಸದ ಗುಂಡು ತುಂಬಿದ ಮೆತ್ತನೆಯ ಚೀಲಗಳೂ ಇವೆ, ಆದರೆ ಅವು ಹೊರಗಿನಿಂದ ಬರಬೇಕು, ನಮ್ಮ ಕೈಗೆ ಎಟಕುವುದಿಲ್ಲ ಎಂದೂ ಸೇರಿಸಿದೆ. ಅಪ್ಪ ಕೇಳಿಸಿಕೊಂಡು, "ಚೀಲಕ್ಕೆ ಸೀಸ ತುಂಬೂದು ಎಂತ ದೊಡ್ಡ ಕೆಲಸ?" ಎಂದ.

ಆ ಮಳೆಗಾಲದಲ್ಲಿ ದೋಣಿಗಳು ದಡದ ಮೇಲಿದ್ದವು, ನನಗೂ ಕೆಲಸವಿರಲಿಲ್ಲ. ಇಬ್ಬರೂ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ ಬಲೆ ಅಂಗಡಿಯಿಂದ ಬಲೆಗೆ ಪೋಣಿಸುವ ಸೀಸ ತಂದೆವು. ಅಪ್ಪ ಅದನ್ನು ಹುಣಸೆ ಬೀಜದಷ್ಟು ತುಂಡು ಮಾಡಿ, ಬಟ್ಟೆ ಹರಿಯದಂತೆ ಒಂದೊಂದರ ಅಂಚನ್ನೂ ತಟ್ಟಿ ಮೊಂಡು ಮಾಡಿದ. ದಪ್ಪ ನೈಲಾನ್ ಬಟ್ಟೆಯಲ್ಲಿ ಅಂಗೈಯಗಲದ ಚೀಲ ಹೊಲಿದು ನೀರು ಬಸಿಯಲು ಸಣ್ಣ ತೂತು ಬಿಟ್ಟ. ಅಮ್ಮ ಮೀನು ಮಾರುವ ತಕ್ಕಡಿಯಲ್ಲಿ ತೂಗಿ ತೂಗಿ ತುಂಬಿದೆವು. ಸೀಸ ಮುಟ್ಟಿದ ಕೈ ತೊಳೆಯದೆ ಅನ್ನಕ್ಕೆ ಕೈ ಹಾಕಿದರೆ ಅಮ್ಮ ಇಬ್ಬರಿಗೂ ಬೈಯುತ್ತಿದ್ದಳು. ನಾನು ತುರುಕಿ ತುಂಬಿದರೆ ಅಪ್ಪ ಕಸಿದುಕೊಂಡು, "ಬಿಗಿ ಮಾಡಿದ್ರೆ ಮತ್ತೆ ಕಲ್ಲೇ ಆತು, ಒಳಗೆ ಹೊರಳೂಕೆ ಜಾಗ ಬೇಕು" ಎನ್ನುತ್ತಿದ್ದ. ಕೊನೆಗೆ ಪ್ರತಿ ಚೀಲದ ಮೇಲೂ ಬಲೆಯ ದಾರದಿಂದ ಒತ್ತಾಗಿ ಒಂದು ಹೊದಿಕೆ ಹೆಣೆದ. ಸೊಂಟಕ್ಕೆ ಕಟ್ಟಿದರೆ ಬೆಕ್ಕಿನ ಮರಿ ಮಲಗಿದ ಹಾಗೆ ಮೆತ್ತಗೆ ಕೂರುತ್ತಿತ್ತು.

ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ. ದ್ವೀಪದ ಬಡಗು ಬದಿಯಲ್ಲಿ ಅಪ್ಪನ ಬಲೆಗಳನ್ನು ಹರಿದ ಬಂಡೆಯೊಂದಿತ್ತು. ಆಯಸ್ಸೆಲ್ಲ ಅದನ್ನು ಬೈದವನು, ಒಮ್ಮೆಯೂ ಕಂಡವನಲ್ಲ. ಅದು ಹೇಗಿದೆ ಎಂದು ಕೇಳಿದ. ಅದರ ಸಂದುಗಳು, ಮೈಮೇಲಿನ ಹವಳ, ಅಡಿಯಲ್ಲಿ ಮಲಗುವ ದೊಡ್ಡ ಮೀನು ಎಲ್ಲ ಹೇಳಿದೆ. "ಹಾಂ, ಅದೇ ಹಲ್ಕಟ್ಟು" ಎಂದು ಖುಷಿಯಿಂದ ತೊಡೆ ತಟ್ಟಿಕೊಂಡ. ಅಪ್ಪನ ಜೊತೆ ಅಷ್ಟು ಸುಖವಾಗಿ ನಾನು ಎಂದೂ ಕೂತಿರಲಿಲ್ಲ. ಇದು ಹೀಗೇ ಉಳಿಯಲಿ ಎಂದು ಆಸೆಪಟ್ಟೆ.

ಅಪ್ಪನಿಗೆ ಒಪ್ಪಿಗೆಯಾಗದ್ದು ಒಂದೇ, ಬೆಲ್ಟಿನ ಬಕಲ್. ಒಂದು ಎಳೆತಕ್ಕೆ ಕಳಚಿ ಬೀಳುತ್ತಿತ್ತು. ಬಲೆ ಕಟ್ಟುವವನ ಬುದ್ಧಿ ಅದನ್ನು ಹೇಗೆ ಒಪ್ಪೀತು? ಸೀಸ ಉದುರಿದ ಬಲೆ ತೇಲುತ್ತದೆ, ಮೀನು ಅಡಿಯಿಂದ ನುಸುಳಿ ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಸೀಸ ಕಟ್ಟುವುದು ಯಾವ ಸೆಳೆತಕ್ಕೂ ಬಿಚ್ಚದ ಹಾಗೆ. ಅಪ್ಪ ನನಗೆ ಹೇಳದೆ ಬಕಲ್ಲಿಗೆ ಅಡ್ಡವಾಗಿ ದಾರ ಸುತ್ತಿ ಕಟ್ಟುವ ಒಂದು ಕುಣಿಕೆ ಹೊಲಿದಿಟ್ಟ. ಮಳೆಗಾಲ ಮುಗಿದು ಕೆಲಸ ಶುರುವಾದ ಮೊದಲ ದಿನ ಮನೆಯಲ್ಲೇ ರಬ್ಬರ್ ಅಂಗಿಯ ಮೇಲೆ ತನ್ನ ಕೈಯಾರೆ ಬೆಲ್ಟ್ ತೊಡಿಸಿ, ದಾರಕ್ಕೆ ಗಂಟು ಹಾಕಿ, "ಇನ್ನು ಎಂತ ಆದ್ರೂ ಬಿಚ್ಚೂದಿಲ್ಲ" ಎಂದ. ನಾನು ನಕ್ಕು, ಬೋಟಿನಲ್ಲಿ ಬಿಚ್ಚಿದರಾಯಿತು ಎಂದು ಹಾಗೇ ಹೊರಟೆ.

ಬೋಟಿನಲ್ಲಿ ಗಂಟು ಬಿಚ್ಚಲಾಗಲಿಲ್ಲ. ನೀರಿಗಿಳಿಯುವ ಮುಂಚೆ ಒಬ್ಬರ ಸಾಮಾನು ಇನ್ನೊಬ್ಬರು ಪರೀಕ್ಷಿಸುವುದು ನಮ್ಮ ನಿಯಮ. ನನ್ನನ್ನು ಪರೀಕ್ಷಿಸಿದ ಹಿರಿಯ ತರಬೇತುದಾರ ದಾರ ಕಂಡು ಬೆಚ್ಚಿದ. ಚಾಕು ತೆಗೆದು ಕತ್ತರಿಸಿದ. ಚೀಲಗಳನ್ನು ಮಾತ್ರ ಎಲ್ಲರೂ ಮುಟ್ಟಿ ನೋಡಿ ಹೊಗಳಿದರು.

ಸಂಜೆ ಆ ಹೊಗಳಿಕೆ ಹೇಳಬೇಕೆಂದು ಓಡಿಬಂದೆ. ಅಪ್ಪ ಬೆಲ್ಟ್ ಕೈಗೆತ್ತಿಕೊಂಡವನು ನೋಡಿದ್ದು ಕತ್ತರಿಸಿದ ದಾರವನ್ನು.

"ಯಾರು ಕತ್ತರ್ಸಿದ್ದು?"

"ಅದು ಇರ್ಬಾರ್ದು ಅಪ್ಪ. ಒಂದೇ ಕೈಯಲ್ಲಿ ಬಿಚ್ಚೂಕೆ ಬರ್ಬೇಕು."

"ನೀರಿನಡಿಗೆ ಎಂತಕ್ಕೆ ಬಿಚ್ಚೂದು?"

ಸಡಿಲಾದರೆ ಬಿಗಿ ಮಾಡಲಿಕ್ಕೆ ಎನ್ನಬಹುದಿತ್ತು. ಬೇರೆಯವರಿಗೆ ಕೊಡಲಿಕ್ಕೆ ಎನ್ನಬಹುದಿತ್ತು. "ಉಸಿರು ಸಿಕ್ಕದೆ ಹೋದ್ರೆ ಇದನ್ನ ಬಿಸಾಕಿ ಮೇಲೆ ಬರ್ಬೇಕು. ಇಲ್ದಿದ್ರೆ ಇದೇ ಕೆಳಗೆ ಎಳೀತದೆ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಪ್ಪ ಬೆಲ್ಟನ್ನು ಕೆಳಗಿಟ್ಟ. "ನೀ ಹಾಂಗೆ ಬಿಸಾಕಿದ್ದು ಇತ್ತಾ?" ಎಂದ. ಒಮ್ಮೆ ಇತ್ತು. ನನ್ನ ಮುಖವೇ ಅದನ್ನು ಹೇಳಿಬಿಟ್ಟಿರಬೇಕು. ಅಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. "ನಾನೇ ಕಟ್ಟಿ ಕಳ್ಸಿದೆ" ಎಂದ. ಆಮೇಲೆ ಸೀಸದ ಕೆಲಸಕ್ಕೆ ಕೈ ಹಾಕಲಿಲ್ಲ. ಬಂಡೆಯ ಸುದ್ದಿ ಕೇಳಲಿಲ್ಲ, ಮಾರ್ಕೆಟಿನ ಮೀನಿನ ತಮಾಷೆಯನ್ನೂ ಆಡಲಿಲ್ಲ. ಆ ತಮಾಷೆಗಾಗಿ ನಾನು ಇಷ್ಟು ಹಂಬಲಿಸುತ್ತೇನೆಂದು ಎಣಿಸಿರಲಿಲ್ಲ.

ನನ್ನ ಕೆಲಸವನ್ನು ಅಪ್ಪ ಆಟವೆಂದು ತಿಳಿದಿದ್ದಾಗ ನೆಮ್ಮದಿಯಾಗಿದ್ದ. ದಡದ ಚಪ್ಪರದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂತು ಊರಿನವರ ಬಲೆ ರಿಪೇರಿ ಮಾಡುತ್ತಿದ್ದ, ಗಾಳಿ ಕಣ್ಣಿಗೆ ಹೊಡೆಯಬಾರದೆಂದು. ಈಗ ನಾನು ಹೋದ ದಿನಗಳಲ್ಲಿ ಸಮುದ್ರದ ಕಡೆ ಮುಖ ಮಾಡಿಯೇ ಕೂರುತ್ತಾನೆ. ಕೈ ಹೆಣೆಯುತ್ತದೆ, ಕಣ್ಣು ದ್ವೀಪದ ಮೇಲಿರುತ್ತದೆ. ಬಲೆಯಲ್ಲಿ ಕಣ್ಣುಗಳು ತಪ್ಪುತ್ತವೆ, ಮೀನು ನುಸುಳಿ ಹೋಗುತ್ತದೆ. ಜನ ಒಂದೆರಡು ಸಲ ಸುಮ್ಮನಿದ್ದರು. ಈಗ ಅಪ್ಪನ ಹತ್ತಿರ ಬಲೆ ತರುವುದಿಲ್ಲ.