ಚೀಟಿಗೆ ಕಾಲಿಲ್ಲ ಎಂದ ನೀಲಕ್ಕ

ನೀಲಕ್ಕನಿಗೆ ಚೀಟಿ ಕಂಡರೆ ಆಗುತ್ತಿರಲಿಲ್ಲ. ಡಾಕ್ಟರು ರೋಗಿಯ ಕೈಗೆ ಚೀಟಿ ಕೊಟ್ಟು ‘ಅಲ್ಲಿ ಹೋಗಿ ತೋರಿಸು’ ಎಂದು ಬಾಯಿ ಮುಚ್ಚುವುದರೊಳಗೆ, ಈಕೆ ಅದನ್ನು ಅವನ ಕೈಯಿಂದ ಕಿತ್ತುಕೊಂಡು ತಮ್ಮ ಏಪ್ರನ್ನಿನ ಜೇಬಿಗೆ ತುರುಕುತ್ತಿದ್ದರು. ಆಮೇಲೆ ರೋಗಿಯ ಮೊಣಕೈ ಹಿಡಿದು, ‘ಚೀಟಿಗೆ ಕಾಲಿಲ್ಲ, ನಿಮಗದಾವ. ನಡೀರಿ’ ಎನ್ನುತ್ತಿದ್ದರು. ಕಾಶಿಯವರಿಗೆ ಇದನ್ನೇ ಹಿಂದಿಯಲ್ಲಿ ಹೇಳುತ್ತಿದ್ದರು. ಹಿಂದಿಯಾದರೂ ಅದರ ಏರಿಳಿತವೆಲ್ಲ ಗದಗಿನದೇ.

ನೀಲಕ್ಕ ಕಾಶಿಯ ಸೋನಾರ್‌ಪುರ ಬಡಾವಣೆಯ ಹಿಂದಿನ ಒಂದು ಧರ್ಮಾಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಆ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ನಾಲಿಗೆ ಕಹಿಯಾಗುತ್ತದೆ. ಗಂಡ ತೀರಿಹೋದ ಮೇಲೆ, ಕಾಶಿ ಮಠದ ಭಕ್ತರೊಬ್ಬರ ಪರಿಚಯ ಹಿಡಿದು ಬಂದವರು ಹತ್ತಿರದ ಶಿವಾಲ ಎಂಬ ಕೇರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಪಡೆದು ಉಳಿದುಬಿಟ್ಟಿದ್ದರು. ನಲವತ್ತೈದರ ವಯಸ್ಸು, ಗಿಡ್ಡ ದೇಹ, ಎತ್ತರದ ದನಿ. ಜೋಳದ ರೊಟ್ಟಿಯ ನೆನಪಾದಾಗಲೆಲ್ಲ ಕಾಶಿಯ ಗೋಧಿಗೆ ಬೈಯುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಕಾಶಿಗೆ ವರ್ಗ ಮಾಡಿದಾಗ. ನನ್ನ ಅಣ್ಣ ಚನ್ನಬಸಪ್ಪ ಅದಕ್ಕೂ ಮುಂಚಿನಿಂದ ಅಲ್ಲಿಯ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅತ್ತಿಗೆ ಹೆರಿಗೆಯಲ್ಲಿ ತೀರಿಕೊಂಡ ವರ್ಷವೇ ಊರು ಬಿಟ್ಟವನು ಅವನು. ಅಕ್ಕಿ ಚೀಲ ಎತ್ತಿ ಸೊಂಟ ಹಿಡಿದಾಗ ಪಕ್ಕದ ಅಂಗಡಿಯವನು ಕಡಲೆಯಷ್ಟು ಅಫೀಮು ಕೊಟ್ಟನಂತೆ. ಸೊಂಟ ಎರಡು ವಾರಕ್ಕೆ ಸರಿಹೋಯಿತು, ಅಫೀಮು ಉಳಿಯಿತು. ನಾನು ಬಂದು ನೋಡಿದಾಗ ಅಣ್ಣ ಅಕ್ಕಿ ಅಳೆಯುತ್ತ ನಿಂತಲ್ಲೇ ತೂಕಡಿಸುತ್ತಿದ್ದ.

ಆ ಧರ್ಮಾಸ್ಪತ್ರೆಯಲ್ಲಿ ನಶೆ ಬಿಡಿಸುವ ಎಂಟು ಮಂಚದ ವಾರ್ಡ್ ಇತ್ತು. ಹತ್ತು ದಿನ ಅಣ್ಣ ಅಲ್ಲಿ ನಡುಗಿದ, ವಾಂತಿ ಮಾಡಿದ, ನನ್ನನ್ನು ಬಾಯಿಗೆ ಬಂದಂತೆ ಬೈದ. ಹನ್ನೊಂದನೆಯ ದಿನ ತಣ್ಣಗಾದ. ಆದರೆ ಆ ತಣ್ಣಗಾದ ರೀತಿ ನನಗೆ ಹಿಡಿಸಲಿಲ್ಲ. ಗೋಡೆಗೆ ಮುಖ ಮಾಡಿ ಕೂತು, ಇನ್ನು ಇದ್ದೇನು ಮಾಡಲಿ ಎನ್ನುತ್ತಿದ್ದ. ಡಾಕ್ಟರು ಮನೋವೈದ್ಯರಿಗೆ ತೋರಿಸಿ ಎಂದು ಚೀಟಿ ಬರೆದರು. ಆ ಮನೋವೈದ್ಯರು ಕೂಡುತ್ತಿದ್ದುದು ಊರಿನ ಇನ್ನೊಂದು ತುದಿಯ ಬೇರೆ ಆಸ್ಪತ್ರೆಯಲ್ಲಿ, ಸೋಮವಾರ ಮಾತ್ರ. ಡ್ಯೂಟಿ ಬಿಟ್ಟು ನೀಲಕ್ಕ ಅಷ್ಟು ದೂರ ನಡೆಸಿಕೊಂಡು ಹೋಗುವಂತಿರಲಿಲ್ಲ, ಈ ಚೀಟಿ ಮಾತ್ರ ನಮ್ಮ ಕೈಯಲ್ಲೇ ಉಳಿಯಿತು. ಚೀಟಿಯ ಮೇಲೆ ‘ಮಾನಸಿಕ’ ಎಂದು ನೇರಳೆ ಬಣ್ಣದ ದೊಡ್ಡ ಮುದ್ರೆ. ಅದನ್ನು ಹಿಡಿದು ಬೀದಿಯಲ್ಲಿ ನಡೆದರೆ ಪಾನ್ ಅಂಗಡಿಯವನಿಗೂ ಗೊತ್ತಾಗುತ್ತಿತ್ತು ಎಲ್ಲಿಗೆ ಹೊರಟಿದ್ದಾನೆಂದು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಸೋನಾರ್‌ಪುರದ ತಿರುವಿನಲ್ಲಿ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೆ ಹಾಕಿಕೊಂಡೆ. ನಿನಗೇನು ಹುಚ್ಚು ಹಿಡಿದಿದೆಯೇ, ನಾಲ್ಕು ದಿನ ಶಿವನಾಮ ಹೇಳಿಕೊಂಡಿರು, ಎಲ್ಲ ಸರಿಹೋಗುತ್ತದೆ ಎಂದೆ. ಬ್ಯಾಂಕಿನಲ್ಲಿ ಗೊತ್ತಾದರೆ, ಮಠದಲ್ಲಿ ಗೊತ್ತಾದರೆ ಎಂಬ ಹೆದರಿಕೆ ನನ್ನದು. ಮಾನ ಉಳಿಯಿತು. ಐದನೆಯ ವಾರ ಅಣ್ಣ ಉಗ್ರಾಣದಲ್ಲಿ ಮತ್ತೆ ನಿಂತಲ್ಲೇ ತೂಕಡಿಸುತ್ತಿದ್ದ.

ಎರಡನೆಯ ಸಲ ಸೇರಿಸಲು ಕರೆದುಕೊಂಡು ಹೋದಾಗ ನೀಲಕ್ಕ ಹಳೆಯ ಚೀಟಿ ಎಲ್ಲಿ ಎಂದು ಕೇಳಿದರು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅವರು ಅಫೀಮು ನುಂಗಿದ್ರು, ನೀವು ಚೀಟಿ ನುಂಗಿದ್ರಿ. ಇಬ್ಬರಾಗ ಯಾರನ್ನ ಸೇರಿಸ್ಕೊಳ್ಳಲಿ?’ ಎಂದರು. ಬ್ಯಾಂಕಿನ ಮ್ಯಾನೇಜರನೂ ನನಗೆ ಹಾಗೆ ಮಾತಾಡಿರಲಿಲ್ಲ. ಆಮೇಲೆ ಅಣ್ಣನ ಹಾಸಿಗೆ ಸರಿಮಾಡುತ್ತ ಮೆಲ್ಲಗೆ ಹೇಳಿದರು: ‘ಬಿಡಸೂದು ಹತ್ತು ದಿನದ ಕೆಲಸರೀ. ಯಾಕ ಬೇಕಾಗಿತ್ತು ಅನ್ನೂದು ಅದರ ಮುಂದಿನ ಕೆಲಸ. ಅದಕ್ಕ ಆ ಡಾಕ್ಟರ್ ಬೇಕು.’

ಈ ಸಲ ಮಡಿಕೆ ಮಾಡದೆ ಚೀಟಿ ಕೊಟ್ಟು ಕಳಿಸಿದೆ. ಮೂರು ಸೋಮವಾರ ಅಣ್ಣ ಹೋದ, ಮೂರು ಸೋಮವಾರವೂ ಡಾಕ್ಟರನ್ನು ಕಾಣದೆ ವಾಪಸು ಬಂದ. ಕಿಟಕಿ ಮುಚ್ಚಿತ್ತು ಎನ್ನುತ್ತಿದ್ದ. ನಾನು ನಂಬಲಿಲ್ಲ. ನೀಲಕ್ಕನೂ ನಂಬಲಿಲ್ಲ. ವಾರ್ಡಿನ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಮೂರು ಸಲ ‘ರೋಗಿ ಸಹಕರಿಸಲಿಲ್ಲ’ ಎಂದು ಬಿತ್ತು. ನಾಲ್ಕನೆಯ ಸಲ ಬಿದ್ದರೆ ವಾರ್ಡಿನಿಂದ ದಿನವೂ ಕೊಡುತ್ತಿದ್ದ ಔಷಧವೂ ಬಂದ್. ಔಷಧ ನಿಂತರೆ ಅಣ್ಣ ಎಲ್ಲಿಗೆ ಹೋಗುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಅವನೊಬ್ಬನದೇ ಅಲ್ಲ, ಇನ್ನೂ ಆರು ಜನರದು ಇದೇ ಕಥೆ. ನೇಕಾರರು, ಒಬ್ಬ ದೋಣಿಯವನು, ಒಬ್ಬ ರಿಕ್ಷಾದವನು. ಆಸ್ಪತ್ರೆಯ ಮುಖ್ಯಸ್ಥರಾದ ಬಡೇ ಸಾಹೇಬರು, ಈ ಜನ ಇಷ್ಟೇ, ಇವರಿಗೆ ಗುಣವಾಗುವುದು ಬೇಕಾಗಿಲ್ಲ ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಂಡಿದ್ದರು.

ನಾಲ್ಕನೆಯ ಸೋಮವಾರ ನೀಲಕ್ಕ ರಜೆ ಹಾಕಿದರು. ಈ ಏಳು ಜನ ಎಲ್ಲಿ ತಪ್ಪಿಸಿಕೊಳ್ಳುತ್ತಾರೆ ನೋಡೇಬಿಡುತ್ತೇನೆ ಎಂದು ಅವರ ಬೆನ್ನ ಹಿಂದೆಯೇ ಹೊರಟರು. ಅಣ್ಣನಿಗೆ ಕಾವಲಾಗಿ ನಾನೂ ಹೊರಟೆ. ವಾರ್ಡಿನಲ್ಲಿ ಔಷಧ ಕೊಡುವುದು ಹತ್ತೂವರೆಗೆ, ಕಂಪೌಂಡರನ ಕಣ್ಣೆದುರು ನುಂಗಬೇಕು. ಅದಾದ ಮೇಲೆ ಜೂನ್ ತಿಂಗಳ ಬಿಸಿಲಿನಲ್ಲಿ ಮೂರು ಮೈಲಿ ನಡಿಗೆ. ಏಳು ಜನರಲ್ಲಿ ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ. ನಾವು ಮುಟ್ಟಿದಾಗ ಹನ್ನೊಂದೂವರೆ ದಾಟಿತ್ತು. ಹೆಸರು ಬರೆಸುವ ಕಿಟಕಿ ಹನ್ನೊಂದಕ್ಕೇ ಮುಚ್ಚಿತ್ತು. ಮುಂದಿನ ಸೋಮವಾರ ಬನ್ನಿ ಎಂದು ಒಳಗಿನಿಂದ ಪಾನ್ ತುಂಬಿದ ಬಾಯೊಂದು ಹೇಳಿತು.

ಇಷ್ಟೇ ವಿಷಯ. ಹತ್ತೂವರೆಗೆ ಅಲ್ಲಿ ಔಷಧ ನುಂಗಿ, ಹನ್ನೊಂದಕ್ಕೆ ಮೂರು ಮೈಲಿ ಆಚೆ ಹೆಸರು ಬರೆಸಬೇಕಾದರೆ ಮನುಷ್ಯನಿಗೆ ರೆಕ್ಕೆ ಇರಬೇಕು. ಎರಡೂ ಆಸ್ಪತ್ರೆಯಲ್ಲಿ ಓದಿದವರಿದ್ದರು, ಗೋಡೆಗೆ ಗಡಿಯಾರಗಳಿದ್ದವು, ರಿಜಿಸ್ಟರಿನಲ್ಲಿ ಬರೆಯಲು ಶಾಯಿಯಿತ್ತು. ನೀನು ಯಾಕೆ ಬರಲಿಲ್ಲಪ್ಪಾ ಎಂದು ಕೇಳುವ ಒಂದು ಬಾಯಿ ಇರಲಿಲ್ಲ. ಕೇಳಿದ ಒಬ್ಬಿಬ್ಬರೂ ಉತ್ತರ ನಂಬಿರಲಿಲ್ಲ, ಅವರಲ್ಲಿ ನಾನೂ ಒಬ್ಬ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ನಾವು. ಇದನ್ನು ಬರೆಯುವಾಗ ಇಂದಿಗೂ ನನ್ನ ಮೈ ಉರಿಯುತ್ತದೆ.

ನೀಲಕ್ಕ ಆ ಏಳು ಜನರ ಮುಂದೆ ನಿಂತು ಕೈ ಮುಗಿದರು. ನನ್ನದು ತಪ್ಪಾಯಿತು, ನಿಮ್ಮ ಮಾತು ನಂಬಬೇಕಿತ್ತು ಎಂದು ಹಿಂದಿಯಲ್ಲಿ ಹೇಳಿದರು. ಒಬ್ಬ ನರ್ಸಮ್ಮ ತನಗೆ ಕೈ ಮುಗಿದದ್ದು ನೋಡಿ ದೋಣಿಯವನು ಗಾಬರಿಯಾಗಿ ಹಿಂದೆ ಸರಿದ. ಆಮೇಲೆ ನೀಲಕ್ಕ ಎಲ್ಲರನ್ನೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಸಾಲಾಗಿ ಕೂಡಿಸಿದರು, ಒಳಗಿನಿಂದ ಬಂದವರು ಯಾರೂ ದಾಟಿಹೋಗಲಾಗದಂತೆ. ಒಂದು ಗಂಟೆಗೆ ಮನೋವೈದ್ಯರು ಊಟಕ್ಕೆ ಹೊರಟರು. ಕನ್ನಡಕದ, ಬಡಕಲು ಬಂಗಾಳಿ. ದಾರಿಯಿಲ್ಲದೆ ನಿಂತು, ಇವರೆಲ್ಲ ಯಾರು ಎಂದರು. ನೀಲಕ್ಕ ಅಷ್ಟರೊಳಗೆ ಎಲ್ಲರಿಂದ ಕಿತ್ತಿಟ್ಟುಕೊಂಡಿದ್ದ ಏಳು ಚೀಟಿ ಜೇಬಿನಿಂದ ತೆಗೆದು ಅವರ ಕೈಗಿಟ್ಟರು.

ಡಾಕ್ಟರು ಒಂದೊಂದನ್ನೂ ಓದಿದರು. ನಿಮ್ಮ ಆಸ್ಪತ್ರೆಯಿಂದ ಯಾರನ್ನೂ ಕಳಿಸುತ್ತಿಲ್ಲವೆಂದೇ ನಾನು ತಿಳಿದಿದ್ದೆ ಎಂದರು. ಊಟಕ್ಕೆ ಹೋಗಲಿಲ್ಲ. ಏಳೂ ಜನರನ್ನು ನೋಡಿ ಮುಗಿಸಿದಾಗ ನಾಲ್ಕು ಗಂಟೆ. ಇನ್ನು ಮುಂದೆ ಗುರುವಾರ ಮಧ್ಯಾಹ್ನ ತಾವೇ ಸೋನಾರ್‌ಪುರಕ್ಕೆ ಬರುವುದಾಗಿ ಹೇಳಿದರು.

ಬಂದರು ಕೂಡ. ನೀಲಕ್ಕ ಅವರಿಗೆ ಬೇರೆ ಕೋಣೆ ಕೇಳಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವ ವರಾಂಡದಲ್ಲೇ ಒಂದು ಪರದೆ, ಅದರ ಮುಂದೆ ಗಾಯದವರು ಕೂಡುವ ಅದೇ ಬೆಂಚು. ಬೋರ್ಡ್ ಇಲ್ಲ, ನೇರಳೆ ಮುದ್ರೆ ಇಲ್ಲ. ಬೆಂಚಿನ ಮೇಲೆ ಕೂತವನು ಕಾಲಿನ ಹುಣ್ಣಿಗೆ ಬಂದನೋ ಮನಸ್ಸಿನ ಹುಣ್ಣಿಗೆ ಬಂದನೋ ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಗುರುವಾರ ಬಾರದವನ ಮನೆಗೆ ಶುಕ್ರವಾರ ಬೆಳಿಗ್ಗೆ ಡ್ಯೂಟಿಗೆ ಮೊದಲು ನೀಲಕ್ಕ ಹೋಗುತ್ತಿದ್ದರು. ಬೈಯಲಿಕ್ಕಲ್ಲ, ಯಾಕೆ ಆಗಲಿಲ್ಲ ಎಂದು ಕೇಳಲಿಕ್ಕೆ. ನೇಕಾರನಿಗೆ ಮಧ್ಯಾಹ್ನ ಗದ್ದಿಯ ವ್ಯಾಪಾರಿಗೆ ಸೀರೆ ಒಪ್ಪಿಸಬೇಕಿತ್ತು, ಅವನನ್ನು ಕೊನೆಗೆ ಹಾಕಿದರು. ದೋಣಿಯವನಿಗೆ ಸಂಜೆ ಯಾತ್ರಿಕರ ಹೊತ್ತು, ಅವನನ್ನು ಮೊದಲಿಗೆ ತಂದರು. ಇದಕ್ಕೆಲ್ಲ ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಚು ಸಾಲದೆ ಜನ ನೆಲದ ಮೇಲೆ ಕೂಡುತ್ತಿದ್ದರು. ಐದನೆಯ ಗುರುವಾರ ಅಣ್ಣ ಪರದೆಯ ಹಿಂದೆ ಅತ್ತಿಗೆಯ ಹೆಸರು ಎತ್ತಿ ಅತ್ತನಂತೆ. ಅಷ್ಟು ವರ್ಷ ನನ್ನೆದುರಿಗೆ ಒಮ್ಮೆಯೂ ಎತ್ತಿರಲಿಲ್ಲ. ಆ ದಿನ ಮನೆಗೆ ಬಂದು ಹೊಟ್ಟೆ ತುಂಬ ಉಂಡ.

ಕಾರ್ತಿಕದಲ್ಲಿ ಆಸ್ಪತ್ರೆ ನಡೆಸುವ ಟ್ರಸ್ಟಿನವರೊಬ್ಬರು ಅದನ್ನು ನೋಡಲು ಬಂದರು. ವರಾಂಡದ ಗೋಡೆಗೆ ಅವರ ತಂದೆಯ ಹೆಸರಿನ ಅಮೃತಶಿಲೆ ಹಚ್ಚಿತ್ತು. ಅದರ ಕೆಳಗೆ ಇಪ್ಪತ್ತು ಜನ ಅಫೀಮಿನವರು ಕೂತದ್ದನ್ನು ಕಂಡು ಅವರಿಗೆ ಸಹಿಸಲಾಗಲಿಲ್ಲ. ಮರುವಾರವೇ ಪರದೆ ಹೋಯಿತು, ಬಡೇ ಸಾಹೇಬರ ಆಜ್ಞೆ ಬಂತು: ಮೊದಲಿನಂತೆ ಚೀಟಿ ಕೊಟ್ಟು ಕಳಿಸುವುದು. ನೀಲಕ್ಕ ಚೀಟಿಯ ಕಟ್ಟನ್ನು ಅವರ ಮೇಜಿನ ಮೇಲಿಟ್ಟು, ಇದನ್ನು ನಾನು ಯಾರ ಕೈಗೂ ಕೊಡುವುದಿಲ್ಲ ಎಂದರು. ಎಂಟು ದಿನಕ್ಕೆ ಅವರನ್ನು ಕೆಲಸದಿಂದ ತೆಗೆದರು.

ಆ ಕಾಗದವನ್ನು ನಾನೇ ಅವರಿಗೆ ಓದಿ ಹೇಳಿದೆ. ಇಂಗ್ಲಿಷಿನಲ್ಲಿತ್ತು. ಕಾರಣದ ಜಾಗದಲ್ಲಿ ಬರೆದದ್ದು ಒಂದೇ ಮಾತು: ಸಹಕರಿಸಲಿಲ್ಲ. ನೀಲಕ್ಕ ಅದನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ನಕ್ಕು, ‘ಬರಿಯಾಕ ಅವರಿಗೆ ಬ್ಯಾರೆ ಮಾತೇ ಗೊತ್ತಿಲ್ಲ ನೋಡ್ರಿ’ ಎಂದರು. ನನಗೆ ನಗು ಬರಲಿಲ್ಲ. ನಾನು ಟ್ರಸ್ಟಿಗೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. ಆ ವರ್ಷದ ವರದಿಯಲ್ಲಿ ಮಾತ್ರ, ಮನೋವೈದ್ಯರಿಗೆ ತೋರಿಸುವವರ ಸಂಖ್ಯೆ ಸಂಸ್ಥೆಯ ಸತತ ಪ್ರಯತ್ನದಿಂದ ಏರಿದೆ ಎಂದು ಅಚ್ಚಾಗಿತ್ತು. ನಾಚಿಕೆ ಎಂಬುದು ಆ ಊರಿನ ಗಂಗೆಯಲ್ಲಿ ಯಾವಾಗ ತೇಲಿಹೋಗಿತ್ತೋ.

ನೀಲಕ್ಕ ಊರಿಗೆ ಹೊರಟದ್ದು ಒಂದು ಗುರುವಾರ ಮಧ್ಯಾಹ್ನ. ಸ್ಟೇಷನ್ನಿಗೆ ನಾನೊಬ್ಬನೇ ಹೋಗಿದ್ದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಕೈಯಲ್ಲಿ ಗಂಗೆಯ ತಾಮ್ರದ ಗಿಂಡಿ. ಗಾಡಿಗೆ ಕಾಯುತ್ತ ಅವರು ಮೆಟ್ಟಿಲ ಕಡೆಗೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ, ‘ಚನ್ನಬಸಪ್ಪ ಬರಲಿಲ್ಲೇನು?’ ಎಂದು ಕೇಳಿದರು.

ನನಗೆ ತಲೆ ತಗ್ಗಿಸುವಂತಾಯಿತು. ಬೆಳಿಗ್ಗೆಯೇ ಅವನ ಜೊತೆ ಇದೇ ವಿಷಯಕ್ಕೆ ಜಗಳವಾಡಿದ್ದೆ. ವಿಷಯ ಏನೆಂದು ಹೇಳಿದೆ. ಆ ಬಂಗಾಳಿ ಡಾಕ್ಟರು ಇನ್ನು ಗುರುವಾರ ಮಧ್ಯಾಹ್ನ ತಮ್ಮ ಆಸ್ಪತ್ರೆಯಲ್ಲೇ ಹಿಂದಿನ ಬಾಗಿಲಿನಿಂದ ನೋಡುತ್ತೇನೆ, ಕಿಟಕಿಯಲ್ಲಿ ಹೆಸರು ಬರೆಸುವುದು ಬೇಡ ಎಂದು ಹೇಳಿ ಕಳಿಸಿದ್ದರು. ಆ ದಿನ ವಾರ್ಡಿನ ಬಾಗಿಲಲ್ಲಿ ಅಣ್ಣ ಒಂಬತ್ತು ಜನರ ಚೀಟಿಗಳನ್ನು ತೆಗೆದುಕೊಂಡು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು, ಅವರನ್ನೆಲ್ಲ ನಡೆಸಿಕೊಂಡು ಆ ಕಡೆಗೆ ಹೊರಟುಹೋಗಿದ್ದ.

ನೀಲಕ್ಕ ಕೇಳಿಸಿಕೊಂಡು ಮೆಟ್ಟಿಲ ಕಡೆ ನೋಡುವುದನ್ನು ಬಿಟ್ಟರು. ಗಾಡಿ ಬಂತು. ಟ್ರಂಕು ಹತ್ತಿಸಿ, ಕಿಟಕಿಯ ಹತ್ತಿರ ಕೂಡಿಸಿದೆ. ಗಾಡಿ ಅಲುಗಿದಾಗ ಅವರು ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿ ನನ್ನ ಭುಜ ತಟ್ಟಿದರು.

‘ಬಂದಿದ್ದರ ಬೈತಿದ್ದೆ’ ಎಂದರು.